ನೆಗೆಟಿವ್ ಬಂದ ಮೇಲೂ ಚಿಕ್ಕತ್ತೆಯನ್ನು ಕೇಳಿ ಎಂದೆ

ಸಲಹೆ ಕೇಳಲು ನನ್ನ ಬಳಿ ಬಂದ 34 ವರ್ಷದ ಈ ಮಹಿಳೆಯನ್ನು ವಿ ಎಂದು ಕರೆಯೋಣ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಜೊಲ್ಲಿನ ಮಾದರಿ ಕಳಿಸಿ ಮಾಡಿಸಿದ ಪರೀಕ್ಷೆಯ ವರದಿ ಅವರ ಕೈಯಲ್ಲಿತ್ತು. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳಲ್ಲಿ ದೋಷ ಇದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಅವರ ವರದಿಯಲ್ಲಿ ಎರಡೂ ನೆಗೆಟಿವ್. "ಇನ್ನು ಭಯ ಇಲ್ಲ ಅಲ್ವಾ ಮೇಡಂ?"

ಮೊದಲು ಮನೆಯವರ ಆರೋಗ್ಯದ ಕತೆ ಕೇಳಿದೆ. ಅಮ್ಮನ ಕಡೆ ಏನಿಲ್ಲ. ಅಪ್ಪನ ಕಡೆ ಎಂದಾಗ, "ಅದೂ ಬೇಕಾ?" ಎಂದರು. ಬೇಕೇ ಬೇಕು. ದೊಡ್ಡತ್ತೆ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಚಿಕ್ಕತ್ತೆಗೆ 41ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಚೆನ್ನಾಗಿದ್ದಾರೆ. ಹೆಂಗಸರ ಕಾಯಿಲೆ ಎಂದು ಎಲ್ಲರೂ ಅಮ್ಮನ ಕಡೆಯನ್ನೇ ನೋಡುತ್ತಾರೆ. ಆದರೆ ಈ ಜೀನ್‌ಗಳು 17 ಮತ್ತು 13ನೇ ಕ್ರೋಮೋಸೋಮ್‌ನಲ್ಲಿವೆ, ಗಂಡಸರಲ್ಲೂ ಇರುತ್ತವೆ. ಅಪ್ಪನಲ್ಲಿ ದೋಷ ಇದ್ದರೆ ಮಗನಿಗಾಗಲಿ ಮಗಳಿಗಾಗಲಿ ಅದು ಬರುವ ಸಾಧ್ಯತೆ ಶೇ 50.

ವರದಿ ಸುಳ್ಳಾಗಿರಲಿಲ್ಲ, ಸಾಲದಾಗಿತ್ತು. ಈ ಜೀನ್‌ಗಳಲ್ಲಿ ಸಾವಿರಾರು ಬಗೆಯ ದೋಷಗಳು ಗೊತ್ತಿವೆ. ಅವರು ತರಿಸಿದ್ದ ಕಿಟ್ ನೋಡುತ್ತಿದ್ದದ್ದು ಕೆಲವನ್ನು ಮಾತ್ರ. ಅದಕ್ಕಿಂತ ಮುಖ್ಯವಾಗಿ, ಕಾಯಿಲೆ ಬಂದವರ ಪರೀಕ್ಷೆಯೇ ಆಗಿರಲಿಲ್ಲ. ಮನೆತನದಲ್ಲಿ ಇರುವ ದೋಷ ಯಾವುದು ಎಂದೇ ತಿಳಿಯದೆ, ಅದು ವಿ ಅವರಿಗೆ ಬಂದಿಲ್ಲ ಎನ್ನುವುದು ಹೇಗೆ? ಮೊದಲು ಚಿಕ್ಕತ್ತೆಯ ಪರೀಕ್ಷೆ ಆಗಲಿ ಎಂದೆ.

"ಆ ಮಾತು ಎತ್ತಿದರೇ ಅತ್ತೆ ಎದ್ದು ಹೋಗ್ತಾರೆ."

'ನನಗೋಸ್ಕರ ಮಾಡಿಸಿ' ಎಂದು ಕೇಳಬೇಡಿ ಎಂದೆ. ಅದು ಒಂಥರಾ ಹೊರೆ ಹೊರಿಸಿದ ಹಾಗೆ. ಫಲಿತಾಂಶ ಮೊದಲು ಬೇಕಾಗಿರುವುದು ಅತ್ತೆಗೇ. ಬಿಆರ್‌ಸಿಎ1ರಲ್ಲಿ ದೋಷ ಇರುವ ಹೆಂಗಸರಲ್ಲಿ 80 ವರ್ಷ ತುಂಬುವಷ್ಟರಲ್ಲಿ ಸುಮಾರು ಶೇ 72 ಮಂದಿಗೆ ಸ್ತನ ಕ್ಯಾನ್ಸರ್, ಶೇ 44 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರಬಹುದು. ಒಂದು ಬಂದು ಹೋಯಿತೆಂದು ಇನ್ನೊಂದರ ಅಪಾಯ ತಪ್ಪುವುದಿಲ್ಲ. ಅಂಡಾಶಯದ ಕ್ಯಾನ್ಸರನ್ನು ಬೇಗ ಪತ್ತೆ ಮಾಡಲು ನೆಚ್ಚಬಹುದಾದ ತಪಾಸಣೆಯೂ ಇಲ್ಲ. ಅದಕ್ಕೇ ದೋಷ ಇದ್ದವರಿಗೆ ಅಂಡಾಶಯ, ಅಂಡನಾಳ ತೆಗೆಸುವ ವಿಚಾರವನ್ನು ವೈದ್ಯರು ಮುಂದಿಡುತ್ತಾರೆ. ಇಷ್ಟು ಹೇಳಿ ಬಿಟ್ಟುಬಿಡಿ, ಬೇಡ ಎಂದರೆ ಅದು ಅವರ ಹಕ್ಕು ಎಂದೆ.

ಕೆಲವು ವಾರಗಳ ನಂತರ ಅತ್ತೆಯೇ ಬಂದರು. ಅವರಲ್ಲಿ ಬಿಆರ್‌ಸಿಎ1 ದೋಷ ಸಿಕ್ಕಿತು. ಅದೇ ದೋಷಕ್ಕಾಗಿ ವಿ ಮತ್ತು ಅವರ ತಮ್ಮನ ರಕ್ತಪರೀಕ್ಷೆ ಆಯಿತು. ವಿಗೆ ಇರಲಿಲ್ಲ, ತಮ್ಮನಿಗೆ ಇತ್ತು.

ಈಗ ಬಂದದ್ದು ನಂಬಬಹುದಾದ ನೆಗೆಟಿವ್. ಆದರೂ ವಿ ಅತ್ತರು. "ಅವನಿಗೆ ಇಬ್ಬರು ಹೆಣ್ಣುಮಕ್ಕಳು. ನನಗೇ ಬಂದಿದ್ದರೆ ಆಗ್ತಿತ್ತು." ಪಾರಾದವರಿಗೆ ಹೀಗೆ ಅನ್ನಿಸುವುದು ತುಂಬಾ ಸಾಮಾನ್ಯ, ಯಾರೂ ಅದನ್ನು ಮೊದಲೇ ಹೇಳಿರುವುದಿಲ್ಲ. ಖುಷಿಪಡಿ ಎಂದು ನಾನೂ ಹೇಳಲಿಲ್ಲ. ಅವರಿಗೆ ಬಂದಿದ್ದರೂ ತಮ್ಮನ ಪಾಲಿನ ಸಾಧ್ಯತೆ ಅಷ್ಟೇ ಇರುತ್ತಿತ್ತು, ಒಬ್ಬರದು ಇನ್ನೊಬ್ಬರಿಗೆ ಹೋಗುವಂಥದ್ದಲ್ಲ ಎಂದು ವಿವರಿಸಿದೆ. ಅದು ಸ್ವಲ್ಪ ನಾಟಿತು. ಇನ್ನೊಮ್ಮೆ ಬನ್ನಿ ಎಂದೆ, ಬಂದರು. ಎಲ್ಲ ಹೆಂಗಸರಿಗೂ ಇರುವ ಅಪಾಯ ಅವರಿಗೂ ಇದೆ, ವಯಸ್ಸಿಗೆ ತಕ್ಕ ತಪಾಸಣೆ ಬಿಡುವಂತಿಲ್ಲ.

ತಮ್ಮನಿಗೆ ಪ್ರಾಸ್ಟೇಟ್ ಮತ್ತು ಗಂಡಸರ ಸ್ತನ ಕ್ಯಾನ್ಸರ್ ಬಗ್ಗೆ ವೈದ್ಯರ ಜೊತೆ ಮಾತಾಡಲು ತಿಳಿಸಿದೆ. ಮಕ್ಕಳಿಗೆ ಈಗಲೇ ಪರೀಕ್ಷೆ ಬೇಡ, 18 ದಾಟಿದ ಮೇಲೆ ಅವರೇ ತೀರ್ಮಾನಿಸಲಿ.

ದೊಡ್ಡತ್ತೆಯ ಮಕ್ಕಳಿಗೆ ಇನ್ನೂ ವಿಷಯ ಗೊತ್ತಿಲ್ಲ. ಹೇಳುವ ಕೆಲಸ ಚಿಕ್ಕತ್ತೆ ಒಪ್ಪಿಕೊಂಡಿದ್ದಾರೆ. ದೋಷದ ಪೂರ್ತಿ ವಿವರ ಬರೆದ ಪತ್ರ ಅವರಿಗೆ ಕೊಟ್ಟಿದ್ದೇನೆ. ಆ ಮಕ್ಕಳು ಎಲ್ಲಿ ಪರೀಕ್ಷೆ ಮಾಡಿಸಿದರೂ ಅದನ್ನು ತೋರಿಸಬೇಕು.