ಕಾನೂನು ಸಂದೇಹ: ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಜೂಜಿನ ಕಾನೂನು ಬದಲಾಗುತ್ತದೆಯೇ?

ಪ್ರಶ್ನೆ: ನನ್ನ ತಮ್ಮ ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದ. 2025ರ ಆಗಸ್ಟಿನಲ್ಲಿ ಆ ಆಪ್‌ನವರು ಹಣದ ಆಟ ನಿಲ್ಲಿಸಿದ ಮೇಲೆ, ಯಾರೋ ಟೆಲಿಗ್ರಾಮಿನಲ್ಲಿ ಕಳುಹಿಸಿದ ಲಿಂಕ್ ಹಿಡಿದು ಬೇರೊಂದು ಕಡೆ ಆಡತೊಡಗಿದ. ಗೆದ್ದ ₹4,200 ಖಾತೆಗೆ ಬಂದ ಹತ್ತೇ ದಿನಗಳಲ್ಲಿ ಬ್ಯಾಂಕಿನವರು ಖಾತೆಯನ್ನು ತಡೆಹಿಡಿದಿದ್ದಾರೆ; ಅಡಿಕೆ ಮಾರಿದ ಹಣವೂ ಅದರಲ್ಲೇ ಸಿಕ್ಕಿಬಿದ್ದಿದೆ. ‘ಕೇರಳದಲ್ಲಿ ರಮ್ಮಿಗೆ ಹೈಕೋರ್ಟೇ ಒಪ್ಪಿಗೆ ಕೊಟ್ಟಿದೆ, ಕಂಪೆನಿ ವಿದೇಶದ್ದು’ ಎಂದು ಅವನು ವಾದಿಸುತ್ತಾನೆ. ಪೊಲೀಸರಿಗೆ ತಿಳಿಸಿದರೆ ಅವನನ್ನೇ ಹಿಡಿಯುತ್ತಾರೆಯೇ?
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ತಮ್ಮ ಹೇಳುವ ತೀರ್ಪು ಇರುವುದು ನಿಜ. ಹಣ ಪಣವಿಟ್ಟು ಆಡುವ ಆನ್‌ಲೈನ್ ರಮ್ಮಿಯನ್ನು ಕೇರಳ ಸರಕಾರವು 2021ರ ಫೆಬ್ರವರಿಯಲ್ಲಿ ಅಧಿಸೂಚನೆಯ ಮೂಲಕ ನಿಷೇಧಿಸಿತ್ತು. ರಮ್ಮಿ ಕೌಶಲದ ಆಟವೆಂಬ ಕಾರಣದಿಂದ ಅದೇ ವರ್ಷದ ಸೆಪ್ಟೆಂಬರ್ 27ರಂದು ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಪಡಿಸಿತು. ಕರ್ನಾಟಕವೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದಿದ್ದ ಇಂಥದೇ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಕಳೆದುಕೊಂಡಿತು. ಹಾಗಾಗಿ ತಲಪಾಡಿಯ ಈಚೆಗೆ ಬೇರೆ ಕಾನೂನು, ಆಚೆಗೆ ಬೇರೆ ಕಾನೂನು ಎಂಬ ನಂಬಿಕೆ ಆಗಲೂ ಪೂರ್ತಿ ಸರಿಯಿರಲಿಲ್ಲ.

ಈಗಂತೂ ಆ ವಾದಕ್ಕೆ ನೆಲೆಯೇ ಇಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಸರಕಾರದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಆಟ ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ, ಹಣ ಕಟ್ಟಿ ಹಣದ ಆಸೆಯಿಂದ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಿಷೇಧಿಸಿದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ಕೊಡುವವರಿಗೆ ಎರಡು ವರ್ಷ ಮತ್ತು ಐವತ್ತು ಲಕ್ಷದವರೆಗೆ. ಹೊರದೇಶದಲ್ಲಿ ಕುಳಿತು ಇಲ್ಲಿಯವರನ್ನು ಆಡಿಸುವವರಿಗೂ ಅದು ಅನ್ವಯಿಸುತ್ತದೆ.

ಆಡಿದವನಿಗೆ ಮಾತ್ರ ಈ ಕಾಯ್ದೆ ಶಿಕ್ಷೆ ವಿಧಿಸಿಲ್ಲ. ಊರಿನ ಕೋಳಿ ಅಂಕಕ್ಕೋ ಉಲಾಯಿ-ಪಿದಾಯಿ ಎಂಬ ಇಸ್ಪೀಟು ಜೂಜಿಗೋ ದಾಳಿಯಾದಾಗ ಕೂತು ಆಡಿದವರೂ ಸಿಕ್ಕಿಬೀಳುವುದನ್ನು ಕಂಡ ನಮ್ಮವರಿಗೆ ಇದನ್ನು ನಂಬುವುದು ಕಷ್ಟವೆಂದು ಬಲ್ಲೆ. ಆದರೆ ನಿಮ್ಮ ತಮ್ಮ ಕಮಿಷನ್ನಿಗಾಗಿ ಗೆಳೆಯರನ್ನು ಸೇರಿಸಿದ್ದರೆ ಅಥವಾ ತನ್ನ ಖಾತೆಯನ್ನು ಇತರರ ಹಣ ದಾಟಿಸಲು ಕೊಟ್ಟಿದ್ದರೆ ಪರಿಸ್ಥಿತಿ ಬೇರೆ. ವಕೀಲರಲ್ಲಿಗೆ ಹೋಗುವ ಮೊದಲು ಮನೆಯಲ್ಲೇ ಇದನ್ನು ಬಿಚ್ಚಿ ಕೇಳಿ.

ಖಾತೆಯ ವಿಷಯಕ್ಕೆ ಬರೋಣ. ಇಂಥ ಜಾಲಗಳು ಗೆದ್ದ ಹಣವನ್ನು ಕಂಪೆನಿಯ ಹೆಸರಿನ ಖಾತೆಯಿಂದ ಕಳುಹಿಸುವುದು ಅಪರೂಪ. ನಿಮ್ಮ ತಮ್ಮನ ಪಾಸ್‌ಬುಕ್ ತೆರೆದು ನೋಡಿ: ₹4,200ರ ಎದುರು ಯಾವುದೋ ಗುರುತಿಲ್ಲದ ವ್ಯಕ್ತಿಯ ಹೆಸರೇ ಇರಬಹುದು. ಬೇರೆಲ್ಲೋ ಮೋಸಹೋದವರ ಹಣವನ್ನೇ ಇವರಿಗೆ ಗೆಲುವೆಂದು ಹಂಚುವುದುಂಟು. ಮೋಸಹೋದವರು ದೂರು ಕೊಟ್ಟೊಡನೆ ಪೊಲೀಸರು ಆ ಹಣ ಹಾದುಹೋದ ಪ್ರತಿಯೊಂದು ಖಾತೆಯನ್ನೂ ತಡೆಹಿಡಿಯಲು ಸೂಚಿಸುತ್ತಾರೆ. ಬ್ಯಾಂಕಿನಿಂದ ದೂರಿನ ಸಂಖ್ಯೆಯನ್ನೂ ಯಾವ ರಾಜ್ಯದ ಯಾವ ಠಾಣೆ ಸೂಚನೆ ಕೊಟ್ಟಿತೆಂಬುದನ್ನೂ ಬರಹದಲ್ಲಿ ಪಡೆಯಿರಿ. ಬಳಿಕ ಅಡಿಕೆ ಮಾರಿದ ಬಿಲ್ಲು ಮತ್ತು ಖಾತೆಯ ವಿವರಗಳೊಂದಿಗೆ ಆ ಠಾಣೆಗೆ ಅರ್ಜಿ ಸಲ್ಲಿಸಿ, ವಿವಾದದಲ್ಲಿರುವ ₹4,200ನ್ನು ಮಾತ್ರ ತಡೆದಿಟ್ಟು ಉಳಿದುದನ್ನು ಬಿಡಿಸಿಕೊಡಬೇಕೆಂದು ಕೇಳಿ. ಅರ್ಜಿಯಲ್ಲಿ ಆಟದ ಸಂಗತಿಯನ್ನು ಮುಚ್ಚಿಡಬೇಡಿ. ತಮ್ಮನೇ ಮೋಸಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಹೋಗಿ ತಿಂಗಳುಗಳಾದ ಮೇಲೆ ಸಿಗುವ ಸಾಧ್ಯತೆ ಕಡಿಮೆ. ಕಾಸರಗೋಡಿನ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಲು ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಮಲಯಾಳ ಬರೆಯಲು ಬರುವುದಿಲ್ಲವೆಂದು ಹಿಂಜರಿಯಬೇಕಾಗಿಲ್ಲ.

ಇನ್ನು ‘ಮಿತಿಯಲ್ಲಿ ಆಡಲಿ’ ಎನ್ನುವ ಸಲಹೆಯನ್ನು ನಾನು ಕೊಡಲಾರೆ. ನಿಷೇಧಿತ ಜಾಲದಲ್ಲಿ ಮಿತಿ ಹಾಕಿಕೊಡುವವರೂ ಇಲ್ಲ, ಲೆಕ್ಕ ಕೇಳಿದರೆ ಉತ್ತರಿಸುವವರೂ ಇಲ್ಲ. ಕಳೆದುದನ್ನು ಮರಳಿ ಪಡೆಯಲೆಂದು ರಾತ್ರಿಯೆಲ್ಲ ಆಡುವುದು, ಸುಳ್ಳು ಹೇಳಿ ಸಾಲ ಮಾಡುವುದು ಕಂಡುಬಂದರೆ ಅದನ್ನು ಚಟದ ಕಾಯಿಲೆಯೆಂದೇ ತಿಳಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯೂ ರೋಗಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ. ಅಲ್ಲಿಯವರೆಗೆ ಅವನ ಒಪ್ಪಿಗೆ ಪಡೆದು ಯುಪಿಐ ಮಿತಿಯನ್ನು ಇಳಿಸಿ, ಅಡಿಕೆಯ ಹಣ ತಾಯಿಯ ಖಾತೆಗೆ ಬರುವಂತೆ ಮಾಡಿ.

ಪ್ರಶ್ನೆ: ಬೆಟ್ಟಿಂಗಿಗೆಂದು ಸ್ನೇಹಿತನಿಂದ ₹60,000 ಸಾಲ ಪಡೆದಿದ್ದೆ. ಜೂಜಿನ ಸಾಲ ಕೊಡಬೇಕಾಗಿಲ್ಲವಂತೆ, ಹೌದೇ?
– ಓದುಗರು, ಪೈವಳಿಕೆ

ಉತ್ತರ: ಅಷ್ಟು ಸುಲಭವಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಪಂಥದ ಒಪ್ಪಂದ ಅನೂರ್ಜಿತ. ಗೆದ್ದವನು ಸೋತವನ ಮೇಲೆ ದಾವೆ ಹೂಡಲಾಗದು. ಆದರೆ ಆಡಲೆಂದು ಮೂರನೆಯವನು ಕೊಟ್ಟ ಸಾಲಕ್ಕೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲವೆಂಬುದು 1959ರಿಂದಲೂ ಸುಪ್ರೀಂ ಕೋರ್ಟಿನ ನಿಲುವು. ಹಳೆಯ ಮುಂಬಯಿ ಪ್ರಾಂತದಲ್ಲಿ 1865ರ ಪ್ರತ್ಯೇಕ ಕಾನೂನು ಇಂಥ ಸಾಲವನ್ನೂ ಅನೂರ್ಜಿತಗೊಳಿಸಿತ್ತು. ನಾವು ಮದರಾಸು ಪ್ರಾಂತದವರಾಗಿದ್ದುದರಿಂದ ಅದರ ಲಾಭ ನಮಗಿಲ್ಲ. ಹೊಸ ಕಾಯ್ದೆಯ ನಂತರ ‘ಕಾನೂನುಬಾಹಿರ ಉದ್ದೇಶದ ಸಾಲ’ ಎಂದು ವಾದಿಸಬಹುದಾದರೂ, ಕಂತು ಗೊತ್ತುಮಾಡಿಕೊಂಡು ತೀರಿಸುವುದೇ ಲೇಸು.

ಪ್ರಶ್ನೆ: ತಂದೆಯವರು ದಿನವೂ ಕೇರಳ ಲಾಟರಿ ಕೊಳ್ಳುತ್ತಾರೆ. ಮಂಗಳೂರಿನ ಅಕ್ಕನಿಗೂ ವಾಟ್ಸಾಪಿನಲ್ಲಿ ಟಿಕೆಟ್ ಬಂದಿದೆ. ಕೊಳ್ಳಬಹುದೇ?
– ಓದುಗರು, ಹೊಸಂಗಡಿ

ಉತ್ತರ: ತಂದೆಯವರು ಅಂಗಡಿಯಲ್ಲಿ ಕೊಳ್ಳುವುದು ಕಾನೂನುಬದ್ಧ, ಕೇರಳ ಸರಕಾರವೇ 1967ರಿಂದ ನಡೆಸುತ್ತಿರುವ ಲಾಟರಿ ಅದು. ಕಾಗದದ ಟಿಕೆಟ್ ಮಾತ್ರ ಇರುವುದರಿಂದ ಅಕ್ಕನಿಗೆ ಬಂದುದು ಮೋಸದವರ ಕೆಲಸ. ಕರ್ನಾಟಕದಲ್ಲಂತೂ 2007ರಿಂದ ಲಾಟರಿ ಮಾರಾಟವೇ ನಿಷಿದ್ಧ. ತಂದೆಯವರಿಗೆ ತಿಂಗಳಿಗಿಷ್ಟೆಂದು ಮೊತ್ತವನ್ನು ಬೇರೆ ಲಕೋಟೆಯಲ್ಲಿ ಇಟ್ಟುಕೊಡಿ, ಮುಗಿದ ಮೇಲೆ ಮತ್ತೆ ತುಂಬಿಸಬೇಡಿ. ಬಹುಮಾನ ಬಂದರೆ ಟಿಕೆಟಿನ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ 30 ದಿನಗಳೊಳಗೆ ಒಪ್ಪಿಸಬೇಕು.