ಬೋಜೊಲೆಯ ಕಲ್ಲಿಗೆ ರುಚಿ ಇದೆಯೇ?

ಪ್ರಶ್ನೆ: ಕೆಲಸದ ನಿಮಿತ್ತ ಎರಡು ವರ್ಷದಿಂದ ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದೇನೆ. ಕಳೆದ ನವೆಂಬರಿನಲ್ಲಿ ಸಹೋದ್ಯೋಗಿಗಳ ಜೊತೆ ಹತ್ತಿರದ ಬೋಜೊಲೆ ಸೀಮೆಯ ಆ ವರ್ಷದ ಹೊಸ ಕೆಂಪು ವೈನ್ ‘ಬೋಜೊಲೆ ನೂವೋ’ ಕುಡಿದೆ. ಬಾಳೆಹಣ್ಣಿನ ವಾಸನೆ, ಪಾನಕದಂತೆ ತೆಳು. ಮೊನ್ನೆ ನಮ್ಮ ಮನೆಯ ಮಾಲೀಕರು ಅದೇ ಸೀಮೆಯ ‘ಮೊರ್ಗೊನ್’ ಎಂಬ ಎಂಟು ವರ್ಷ ಹಳೆಯ ಬಾಟಲಿ ತೆರೆದರು. ಅದು ಬೇರೆಯದೇ ಲೋಕ. ಎರಡೂ ಒಂದೇ ದ್ರಾಕ್ಷಿ, ವ್ಯತ್ಯಾಸವೆಲ್ಲ ನೆಲದ್ದು, ಅಲ್ಲಿನ ಕಲ್ಲಿನ ರುಚಿ ವೈನಿಗೆ ಇಳಿಯುತ್ತದೆ ಎಂದರು. ಇದು ನಿಜವೇ?

ಉತ್ತರ: ನಿಮ್ಮ ಮಾಲೀಕರ ಮಾತಿನಲ್ಲಿ ಮೊದಲನೆಯದು ಪೂರ್ತಿ ನಿಜ, ಎರಡನೆಯದು ಅರ್ಧ ನಿಜ, ಮೂರನೆಯದನ್ನು ನಾನು ಒಪ್ಪುವುದಿಲ್ಲ.

ದ್ರಾಕ್ಷಿಯಿಂದಲೇ ಶುರು ಮಾಡೋಣ. ಬೋಜೊಲೆಯ ಕೆಂಪು ವೈನಿನ ದ್ರಾಕ್ಷಿ ಗಾಮೆ. ಸಿಪ್ಪೆ ಕಪ್ಪು, ಒಳಗಿನ ರಸ ಮಾತ್ರ ಬಿಳಿ. ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರಬೇಕು. ಈ ಬಳ್ಳಿಯ ಹಣೆಬರಹ ಮೊದಲಿನಿಂದಲೂ ಚೆನ್ನಾಗಿರಲಿಲ್ಲ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಇದನ್ನು ಕೆಟ್ಟ ಗಿಡ, ದ್ರೋಹಿ ಗಿಡ ಎಂದು ಬೈದು, ತನ್ನ ಸೀಮೆಯಿಂದ ಕಿತ್ತು ಹಾಕಿಸಲು ಆಜ್ಞೆ ಹೊರಡಿಸಿದ. ಬೈಗುಳ ಜೋರಾದರೂ ದೂರಿನಲ್ಲಿ ಹುರುಳಿತ್ತು. ಬರ್ಗಂಡಿಯ ಸುಣ್ಣ ಬೆರೆತ ಜೇಡಿ ನೆಲದಲ್ಲಿ ಗಾಮೆ ಸೊಕ್ಕಿ ಬೆಳೆಯುತ್ತದೆ, ಗೊಂಚಲು ರಾಶಿ ರಾಶಿ ಬಿಡುತ್ತದೆ, ವೈನು ನೀರಾಗುತ್ತದೆ.

ಈ ಸೊಕ್ಕನ್ನು ಇಳಿಸುವ ನೆಲ ಅಲ್ಲಿಂದ ದಕ್ಷಿಣಕ್ಕೇ ಇದೆ. ಮಾಕೋನ್ ಪಟ್ಟಣದಿಂದ ನಿಮ್ಮ ಲಿಯೋನ್ ಕಡೆಗೆ, ಸೋನ್ ನದಿಯ ಪಶ್ಚಿಮ ಮಗ್ಗುಲಲ್ಲಿ ಬೋಜೊಲೆ ಸುಮಾರು 55 ಕಿಲೋಮೀಟರ್ ಚಾಚಿಕೊಂಡಿದೆ. ಪಶ್ಚಿಮದ ಬೆಟ್ಟಸಾಲು ಮಳೆಗಾಳಿಯನ್ನು ತಡೆಯುತ್ತದೆ. ಪೂರ್ವಕ್ಕೂ ಆಗ್ನೇಯಕ್ಕೂ ಮುಖ ಮಾಡಿದ ಇಳಿಜಾರುಗಳಿಗೆ ಬೆಳಗಿನ ಬಿಸಿಲು ಮೊದಲು ಬೀಳುತ್ತದೆ. ನಕಾಶೆಯಲ್ಲಿ ಒಂದೇ ಹೆಸರು ಕಂಡರೂ ನೆಲ ಎರಡು ಹೋಳು. ದಕ್ಷಿಣದಲ್ಲಿ ಸುಣ್ಣ ಮತ್ತು ಜೇಡಿ. ಅಲ್ಲಿನ ಹಳ್ಳಿಮನೆಗಳನ್ನು ಕಟ್ಟಿರುವ ಹೊಂಬಣ್ಣದ ಕಲ್ಲು ಸುಣ್ಣಕಲ್ಲೇ. ಉತ್ತರದಲ್ಲಿ ಗ್ರಾನೈಟ್, ಪದರು ಪದರಾದ ಶಿಸ್ಟ್ ಕಲ್ಲು, ಹಳೆಯ ಜ್ವಾಲಾಮುಖಿ ಶಿಲೆ. ಇತ್ತೀಚೆಗೆ ವರ್ಷಗಟ್ಟಲೆ ಗುಂಡಿ ತೋಡಿ ನಡೆಸಿದ ಸಮೀಕ್ಷೆಯಲ್ಲಿ 300ಕ್ಕೂ ಹೆಚ್ಚು ಬಗೆಯ ಮಣ್ಣು ಸಿಕ್ಕಿತು. ಹಾಗಾಗಿ ‘ಉತ್ತರ ಗ್ರಾನೈಟ್, ದಕ್ಷಿಣ ಸುಣ್ಣ’ ಎಂದು ನಾನು ಹೇಳುತ್ತಿರುವುದೂ ಒರಟು ಲೆಕ್ಕವೇ.

ಗ್ರಾನೈಟ್ ಸವೆದು ಪುಡಿಯಾದ ಗುಲಾಬಿ ಮರಳನ್ನು ಅಲ್ಲಿನ ರೈತರು ‘ಗೋರ್’ ಎನ್ನುತ್ತಾರೆ. ನಮ್ಮ ‘ಗರಸು’ ನೆನಪಾಗುತ್ತದೆ. ಪದಗಳಿಗೆ ನಂಟಿಲ್ಲ, ನೆಲದ ಗುಣ ಮಾತ್ರ ಅದೇ: ನೀರು ನಿಲ್ಲದು, ಸಾರ ಕಡಿಮೆ, ಹುಳಿ ಗುಣದ ಮಣ್ಣು. ಇಲ್ಲಿ ಗಾಮೆಗೆ ಹೊಟ್ಟೆತುಂಬ ಸಿಗುವುದಿಲ್ಲ. ಬೇರು ಬಂಡೆಯ ಬಿರುಕು ಹುಡುಕಿಕೊಂಡು ಇಳಿಯುತ್ತದೆ, ಎಲೆಯ ಅಬ್ಬರ ತಗ್ಗುತ್ತದೆ, ಕಾಯಿ ಸಣ್ಣದಾಗುತ್ತದೆ. ಕಾಯಿ ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು. ನಿಮ್ಮ ಮೊರ್ಗೊನ್ನಿನ ಗಟ್ಟಿತನದ ಮೂಲ ಇದು. ಕಲ್ಲು ರುಚಿ ಕೊಡುವುದಿಲ್ಲ, ಹಸಿವು ಕೊಡುತ್ತದೆ. ಗ್ರಾನೈಟಿಗೆ ವಾಸನೆಯಿಲ್ಲ, ನೀರಿನಲ್ಲಿ ಅದು ಕರಗುವುದೂ ಇಲ್ಲ. ಬೇರು ಹೀರುವ ಪೊಟ್ಯಾಸಿಯಂನಂಥ ಲವಣಗಳಾದರೂ ವೈನಿನಲ್ಲಿ ನಾಲಿಗೆ ಗುರುತಿಸುವಷ್ಟು ಉಳಿಯುವುದಿಲ್ಲ. ವೈನ್ ಬರಹಗಳಲ್ಲಿ ಕಾಣುವ ‘ಶಿಲೆಯ ಸ್ವಾದ’ವನ್ನು ನಾನು ಉಪಮೆ ಎಂದು ಓದಿಕೊಂಡು ಮುಂದೆ ಹೋಗುತ್ತೇನೆ.

ಮೊರ್ಗೊನ್ ಉತ್ತರದ ಹತ್ತು ವಿಶೇಷ ಗ್ರಾಮಸೀಮೆಗಳಲ್ಲಿ ಒಂದು. ಇವುಗಳಿಗೆ ‘ಕ್ರು’ ಎಂದು ಹೆಸರು. ಬಾಟಲಿಯ ಮೇಲೆ ಬೋಜೊಲೆ ಎಂಬ ಪದ ಸಣ್ಣಕ್ಷರದಲ್ಲಿರಬಹುದು, ಇಲ್ಲದೆಯೂ ಇರಬಹುದು. ಊರ ಹೆಸರೇ ಮುಖ್ಯ. ಮೊರ್ಗೊನ್ನಿನ ಕೋತ್ ದ್ಯು ಪಿ ಎಂಬ ಗುಡ್ಡದ ಕಲ್ಲು ಗುಲಾಬಿ ಗ್ರಾನೈಟ್ ಅಲ್ಲ, ನೀಲಿಗಪ್ಪಿನದು. ಸವೆದ ಇಂಥ ಶಿಲೆಗೆ ಅಲ್ಲಿಯವರು ‘ಕೊಳೆತ ಬಂಡೆ’ ಎನ್ನುತ್ತಾರೆ. ಅಲ್ಲಿನ ವೈನ್ ಹಳತಾಗುತ್ತಾ ಬರ್ಗಂಡಿಯ ಪಿನೋ ನ್ವಾರ್ ದ್ರಾಕ್ಷಿಯ ವೈನಿನ ಕಡೆಗೆ ವಾಲುತ್ತದೆ. ಹೀಗೆ ಮಾಗುವುದಕ್ಕೆ ಫ್ರೆಂಚರು ಊರ ಹೆಸರಿನಿಂದಲೇ ‘ಮೊರ್ಗೊನ್ನಿಸು’ ಎಂಬಂಥ ಕ್ರಿಯಾಪದ ಮಾಡಿಕೊಂಡಿದ್ದಾರೆ. ಪಕ್ಕದ ಫ್ಲೂರಿಯ ಗುಲಾಬಿ ಗ್ರಾನೈಟಿನಲ್ಲಿ ಅದೇ ಗಾಮೆ ಹಗುರ, ಹೂವಿನ ಪರಿಮಳ. ಎಲ್ಲಕ್ಕಿಂತ ಎತ್ತರದ ಶಿರೂಬ್ಲ್ ಇನ್ನೂ ಹಗುರ. ಇನ್ನೊಂದು ಕ್ರು ಮುಲಾಂ-ಆ-ವಾಂ. ಆ ಹೆಸರಿನ ಊರೇ ಇಲ್ಲ. ಗುಡ್ಡದ ಮೇಲಿನ ಹಳೆಯ ಗಾಳಿಗಿರಣಿಯ ಹೆಸರು ವೈನಿಗೆ ಬಂದಿದೆ. ಅದರ ಬಿಗಿಗೆ ಮಣ್ಣಿನ ಮ್ಯಾಂಗನೀಸ್ ಕಾರಣ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೀರಿ. ಮ್ಯಾಂಗನೀಸ್ ಅಲ್ಲಿರುವುದು ನಿಜ. ಉಳಿದದ್ದನ್ನು ಸಾಬೀತಾದ ಸಂಗತಿ ಎಂದು ನಾನಂತೂ ಎಣಿಸುವುದಿಲ್ಲ.

ಇನ್ನು ಬಾಳೆಹಣ್ಣಿನ ವಿಚಾರ. ಅದು ನೆಲದ್ದಲ್ಲ, ತೊಟ್ಟಿಯದು. ಬೋಜೊಲೆಯಲ್ಲಿ ಗೊಂಚಲನ್ನು ಕೈಯಿಂದ ಕೊಯ್ದು, ಜಜ್ಜದೆ, ತೊಟ್ಟಿನ ಸಮೇತ ತೊಟ್ಟಿಗೆ ತುಂಬುತ್ತಾರೆ. ತಳದ ಹಣ್ಣು ಮೇಲಿನ ಭಾರಕ್ಕೆ ಒಡೆದು ಹುದುಗು ಏಳುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಮ್ಲಜನಕವಿಲ್ಲದ ಆ ಮಬ್ಬಿನಲ್ಲಿ ಇಡಿಯಾಗಿ ಉಳಿದ ಹಣ್ಣುಗಳ ಒಳಗೇ, ಯೀಸ್ಟಿನ ಹಂಗಿಲ್ಲದೆ, ಸಕ್ಕರೆ ಸ್ವಲ್ಪ ಸ್ವಲ್ಪ ಮದ್ಯವಾಗತೊಡಗುತ್ತದೆ. ಇದು ಶೇಕಡಾ 2ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಹುಳಿ ತಗ್ಗಿ ಹಣ್ಣಿನ ಪರಿಮಳ ಅರಳಿರುತ್ತದೆ. ನೂವೋ ಆದರೆ ನಾಲ್ಕೈದು ದಿನಕ್ಕೆಲ್ಲ ರಸ ಹಿಂಡಿಬಿಡುತ್ತಾರೆ. ಸಿಪ್ಪೆಯ ಒಗರು ಇಳಿಯಲು ಸಮಯವೇ ಇಲ್ಲ. ಇದಕ್ಕೆಂದೇ ಆರಿಸಿದ ಯೀಸ್ಟ್ ಸೇರಿದರೆ ಬಾಳೆಹಣ್ಣಿನ ವಾಸನೆ ಕೊಡುವ ಎಸ್ಟರ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಕ್ರು ವೈನುಗಳಲ್ಲೂ ಇಡೀ ಗೊಂಚಲಿನ ವಿಧಾನವೇ ಹೆಚ್ಚು, ಆದರೆ ಅಲ್ಲಿ ಎರಡು ಮೂರು ವಾರ ಬಿಡುವವರಿದ್ದಾರೆ.

ಸೆಪ್ಟೆಂಬರಿನಲ್ಲಿ ಕೊಯ್ದ ದ್ರಾಕ್ಷಿ ನವೆಂಬರಿನ ಮೂರನೇ ಗುರುವಾರ ಅಂಗಡಿಯಲ್ಲಿರಬೇಕು. ಗುರುವಾರದ ಈ ಕಟ್ಟಳೆ 1985ರಿಂದ. ಕ್ರುಗಳ ವೈನನ್ನು ನೂವೋ ಎಂದು ಮಾರುವಂತೆಯೇ ಇಲ್ಲ. ಈ ಹಬ್ಬ ಬೋಜೊಲೆಗೆ ದುಡ್ಡು ತಂದಿತು, ಮರ್ಯಾದೆ ಕಳೆಯಿತು ಎಂಬುದು ನನ್ನ ಅಭಿಪ್ರಾಯ. ಕಳೆದದ್ದನ್ನು ಮರಳಿ ತರಲು ಮೊರ್ಗೊನ್ನಿನ ಮಾರ್ಸೆಲ್ ಲಾಪಿಯೇರ್ ಅವರಂಥ ಬೆಳೆಗಾರರು ಕಷ್ಟಪಟ್ಟರು. ವೈನ್ ವ್ಯಾಪಾರಿಯೂ ರಸಾಯನ ವಿಜ್ಞಾನಿಯೂ ಆಗಿದ್ದ ಜೂಲ್ ಶೋವೆ ಅವರ ಮಾರ್ಗದಲ್ಲಿ ಈ ಬೆಳೆಗಾರರು ಅಂಗಡಿಯ ಯೀಸ್ಟ್ ಬಳಸುವುದನ್ನು ಬಿಟ್ಟರು, ವೈನ್ ಕೆಡದಂತೆ ಹಾಕುವ ಗಂಧಕ ಕಡಿಮೆ ಮಾಡಿದರು, ಹಣ್ಣು ಮಾಗುವವರೆಗೆ ಕಾದರು. ನೀವಿರುವ ಊರಿನಿಂದ ಕೋತ್ ದ್ಯು ಪಿ ಗುಡ್ಡಕ್ಕೆ ಒಂದು ಗಂಟೆಯ ದಾರಿ. ಹೋಗಿ ಒಂದು ಹಿಡಿ ಮಣ್ಣು ತಿಕ್ಕಿ ನೋಡಿ, ಆಮೇಲೆ ಫ್ಲೂರಿಯ ಮಣ್ಣನ್ನೂ.

ಪ್ರಶ್ನೆ: ಚಿಕ್ಕಬಳ್ಳಾಪುರದ ಬಳಿ ನಮ್ಮದು ದ್ರಾಕ್ಷಿ ತೋಟ. ಸುತ್ತ ಗ್ರಾನೈಟ್ ಬೆಟ್ಟಗಳೇ. ಗಾಮೆ ನೆಟ್ಟರೆ ಅಲ್ಲಿನಂಥ ವೈನ್ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಕಲ್ಲು ನಿಮ್ಮಲ್ಲೂ ಇದೆ, ಅಲ್ಲಿನದಕ್ಕಿಂತ ಎಷ್ಟೋ ಪಾಲು ಹಳೆಯದೇ ಇದೆ. ಇಲ್ಲದಿರುವುದು ಚಳಿಗಾಲ. ಬೋಜೊಲೆ ಇರುವುದು 46 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಬಳ್ಳಿ ಎಲೆಯುದುರಿಸಿ ತಿಂಗಳುಗಟ್ಟಲೆ ಮಲಗುತ್ತದೆ, ಜೂನ್ ತಿಂಗಳಲ್ಲಿ ಹದಿನೈದು ಗಂಟೆಗೂ ಮೀರಿದ ಹಗಲು ಕಾಣುತ್ತದೆ. ನಿಮ್ಮಲ್ಲಿ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟದು. ಬಳ್ಳಿ ನಿದ್ದೆ ಮಾಡುವುದಿಲ್ಲ ಎಂದೇ ನೀವು ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ಕೊಂಬೆ ಸವರುತ್ತೀರಿ. ಗಾಮೆ ಬೇಗ ಕಣ್ಣೊಡೆದು ಬೇಗ ಮಾಗುವ ಜಾತಿ. ಅಲ್ಲಿ ಅದರ ಶತ್ರು ವಸಂತದ ಹಿಮ, ಇಲ್ಲಿ ಬಿಸಿಲೇ ಶತ್ರುವಾಗುತ್ತದೆ: ಹುಳಿ ಬಿದ್ದುಹೋಗುತ್ತದೆ, ಹುಳಿ ಬಿಟ್ಟರೆ ಗಾಮೆಯಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚು ಉಳಿಯುವುದಿಲ್ಲ. ನಂದಿ ಬೆಟ್ಟದ ಆಸುಪಾಸಿನಲ್ಲಿ ಈಗಾಗಲೇ ಒಗ್ಗಿಕೊಂಡಿರುವ ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್ ಕಡೆ ನೋಡಿ. ನಿಮ್ಮ ತೋಟದಲ್ಲಿರುವುದು ಬೆಂಗಳೂರು ಬ್ಲೂ ಆಗಿದ್ದರೆ, ಅದು ಅಮೆರಿಕ ಮೂಲದ ಲಾಬ್ರುಸ್ಕಾ ವಂಶದ್ದು. ಅದರ ವೈನಿನ ಸ್ವಭಾವವೇ ಬೇರೆ, ಅದನ್ನು ಬೋಜೊಲೆಯ ಅಳತೆಗೋಲಿನಿಂದ ಅಳೆಯಬೇಡಿ.

ಪ್ರಶ್ನೆ: ಊರಿಗೆ ಬಂದ ಮಗ ಫ್ಲೂರಿ ಬಾಟಲಿ ತಂದಿದ್ದಾನೆ. ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು ಎನ್ನುತ್ತಾರಲ್ಲ?

ಉತ್ತರ: ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕೋಣೆಗಳಲ್ಲಿ. ನಿಮ್ಮ ಕೋಣೆ 28 ಡಿಗ್ರಿ ಇದ್ದರೆ ಫ್ಲೂರಿ ಮಂಕಾಗುತ್ತದೆ, ಮದ್ಯದ ಘಾಟು ಮುಂದೆ ಬರುತ್ತದೆ. 13-14 ಡಿಗ್ರಿಗೆ ಇಳಿಯುವವರೆಗೆ ಫ್ರಿಜ್ಜಿನಲ್ಲಿಡಿ. ಒಗರು ಕಡಿಮೆ ಇರುವುದರಿಂದ ಸಾಧಾರಣ ಖಾರದ ಕೋಳಿ ಸಾರಿನ ಜೊತೆಗೂ ಹೊಂದುತ್ತದೆ. ಬ್ಯಾಡಗಿ ಮೆಣಸಿನಕಾಯಿಯವರೆಗೆ ಧೈರ್ಯ ಮಾಡಬಹುದು, ಗುಂಟೂರಿನದಾದರೆ ಬಾಟಲಿಯನ್ನು ಬೇರೆ ದಿನಕ್ಕೆ ಎತ್ತಿಡಿ.