ಮದುವೆಯಾಗಲಿರುವ ಹುಡುಗಿಗೆ ಎಚ್‌ಐವಿ ಇದೆ, ಗುಳಿಗೆ ತಪ್ಪಿಸುತ್ತಾಳೆ. ನಾನೇನು ಮಾಡಲಿ?

ನಿಮಗೆ 26, ವಾಶಿಯಲ್ಲಿ ಕೆಲಸ. ಹುಡುಗಿಗೆ 22, ಹುಟ್ಟಿನಿಂದಲೇ ಎಚ್‌ಐವಿ, ಚಿಕ್ಕಂದಿನಿಂದ ಗುಳಿಗೆ. ಮುಂದಿನ ವರ್ಷ ಮದುವೆ ಅಂತ ಇಬ್ಬರೂ ಮಾತಾಡಿಕೊಂಡಿದ್ದೀರಿ, ಈಗ ಕೆಲವು ತಿಂಗಳಿಂದ ಅವಳು ಗುಳಿಗೆ ತಪ್ಪಿಸುತ್ತಿದ್ದಾಳೆ. ‘ಸರಿಯಾಗಿ ತಗೊಳ್ಳೋ ಹಾಗೆ ಹೇಗೆ ಮಾಡಲಿ, ನಾನೂ ಆಸ್ಪತ್ರೆಗೆ ಹೋಗಬೇಕಾ’ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಕುಂದಾಪುರ ಕಡೆಯವನು, ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಹೆಂಡತಿಗೆ ಎಚ್‌ಐವಿ ಇದೆ, ನನಗಿಲ್ಲ. ಹಾಗಾಗಿ ಉತ್ತರಿಸುತ್ತಿದ್ದೇನೆ.

2018ರಲ್ಲಿ ಅವಳು ಬಸುರಿಯಾಗಿದ್ದಾಗ ಮಾಮೂಲಿ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಆಗ ಅವಳಿಗೆ 23. ನನ್ನದು ನೆಗೆಟಿವ್, ಮೂರು ತಿಂಗಳು ಬಿಟ್ಟು ಮತ್ತೆ ನೋಡಿದಾಗಲೂ ನೆಗೆಟಿವ್. ಆ ಮೂರು ತಿಂಗಳು ನಾನು ಮಾಡಿದ್ದು ಹೇಳಲು ನಾಚಿಕೆ. ಆಸ್ಪತ್ರೆಯ ಗೇಟಿನವರೆಗೆ ಬಿಟ್ಟು, ಡ್ಯೂಟಿ ಇದೆ ಅಂತ ತಿರುಗಿಬಿಡುತ್ತಿದ್ದೆ. ಒಳಗೆ ಊರಿನವರು ಯಾರಾದರೂ ಕಂಡರೆ? ಮುಂಬೈಯಲ್ಲಿ ನಮ್ಮವರು ಎಲ್ಲಿಲ್ಲ ಹೇಳಿ. ಹೊಟ್ಟೆ ಹೊತ್ತುಕೊಂಡು ಅವಳೊಬ್ಬಳೇ ಸಾಲಲ್ಲಿ ನಿಲ್ಲುತ್ತಿದ್ದಳು.

ಮಗು ಹುಟ್ಟಿತು. ಹದಿನೆಂಟನೇ ತಿಂಗಳ ಕೊನೆಯ ಪರೀಕ್ಷೆಯೂ ನೆಗೆಟಿವ್ ಬಂತು. ಅಲ್ಲಿಂದ ಅವಳು ಸ್ವಲ್ಪ ಸಡಿಲಾದಳು, ನಾನು ಬಿಗಿಯಾದೆ. 2020ರ ಲಾಕ್‌ಡೌನಿನಲ್ಲಿ ಹೋಟೆಲ್ ಮುಚ್ಚಿ ಊರಲ್ಲಿದ್ದೆವು, ಅಮ್ಮನ ಮನೆಯಲ್ಲಿ. ರಾತ್ರಿ ಒಂಬತ್ತಕ್ಕೆ ನನ್ನ ಫೋನಿನಲ್ಲಿ ಅಲಾರಂ. ಹೊಡೆದ ಕೂಡಲೇ ಕಣ್ಣಲ್ಲೇ ‘ತಗೊಂಡ್ಯಾ?’ ಅಂತ ಕೇಳುವುದು. ತಿಂಗಳ ಕೊನೆಗೆ ಮೂವತ್ತು ಗುಳಿಗೆಯ ಡಬ್ಬಿಯಲ್ಲಿ ನಾಲ್ಕು ಉಳಿದಿದ್ದು ಕಂಡು ಬಾಯಿಗೆ ಬಂದ ಹಾಗೆ ಬೈದೆ. ‘ದಿನಾ ಲೆಕ್ಕ ಕಾಂಬುಕೆ ಇದೆಂತ ನಿಮ್ಮ ಗಲ್ಲಾವಾ?’ ಅಂದಳು. ಮುಂದಿನ ತಿಂಗಳಿಂದ ಲೆಕ್ಕ ತಾಳೆಯಾಗತೊಡಗಿತು. ನನಗೆ ಖುಷಿ. ತಪ್ಪಿದ ಗುಳಿಗೆಗಳನ್ನು ಬಚ್ಚಲಿಗೆ ಹಾಕುತ್ತಿದ್ದಳು ಅಂತ ತಿಳಿದದ್ದು ಮುಂಬೈಗೆ ಬಂದು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ) ರಿಪೋರ್ಟ್ ನೋಡಿದ ಮೇಲೆ.

ಆವತ್ತು ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದ ಕೌನ್ಸೆಲರ್ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡು ನನ್ನ ಕಡೆ ನೋಡದೆ ಅವಳನ್ನು ಕೇಳಿದರು, ‘ಗುಳಿಗೆ ತಗೊಂಡ ಮೇಲೆ ಏನಾಗುತ್ತೆ?’ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳದ ಪ್ರಶ್ನೆ. ಆಗ ಅವಳಿಗಿದ್ದದ್ದು ಎಫಾವಿರೆಂಜ್ ಸೇರಿದ ಗುಳಿಗೆ. ಕೆಲವರಿಗೆ ಅದರಿಂದ ತಲೆ ತಿರುಗುತ್ತದೆ, ಕೆಟ್ಟ ಕನಸು ಬೀಳುತ್ತದೆ. ಊರಲ್ಲಿ ಬೆಳಿಗ್ಗೆ ಐದಕ್ಕೆ ಅಂಗಳ ಗುಡಿಸಿ ಕೊಟ್ಟಿಗೆಗೆ ಹೋಗಬೇಕು. ಮಂಪರಿನಲ್ಲಿ ಏಳಲಾಗದಿದ್ದರೆ ಅತ್ತೆಯಿಂದ ‘ಸೋಮಾರಿ’ ಅನ್ನಿಸಿಕೊಳ್ಳಬೇಕು. ಮರುದಿನ ಹಬ್ಬವೋ ನೆಂಟರೋ ಇದ್ದರೆ ಹಿಂದಿನ ರಾತ್ರಿ ಗುಳಿಗೆ ಬಿಡುತ್ತಿದ್ದಳು. ಇನ್ನೊಂದು, ಡಬ್ಬಿ ತೆಗೆದರೆ ಗಲಗಲ ಸದ್ದು. ಮಗ್ಗುಲಲ್ಲೇ ಮಲಗಿದ ನಾದಿನಿ ‘ಎಂತ ಅದು’ ಅಂದರೆ ಏನು ಹೇಳುವುದು?

ಹಾಗಾಗಿ ನಿಮಗೆ ನನ್ನ ಸಲಹೆ: ಎಣಿಸಬೇಡಿ, ಅಲಾರಂ ಇಡಬೇಡಿ. ಚಿಕ್ಕಂದಿನಿಂದ ‘ಗುಳಿಗೆ ತಗೋ’ ಅನ್ನುವವರನ್ನು ಅವಳು ಸಾಕಷ್ಟು ನೋಡಿದ್ದಾಳೆ, ನೀವು ಇನ್ನೊಬ್ಬರಾಗಬೇಡಿ. ಯಾವ ದಿನ ತಪ್ಪುತ್ತದೆ, ಆ ದಿನ ಸುತ್ತ ಯಾರಿರುತ್ತಾರೆ, ಅದನ್ನು ಕೇಳಿ. ತಪ್ಪಲು ಶುರುವಾದದ್ದು ಮದುವೆ ಮಾತು ಬಂದ ಮೇಲೆಯೇ ಅಂತ ನನಗೆ ಗುಮಾನಿ. ನಿಮ್ಮ ಮನೆಯಲ್ಲಿ ಈ ಡಬ್ಬಿ ಎಲ್ಲಿಡುವುದು ಅನ್ನುವ ಚಿಂತೆ ಈಗಲೇ ಹತ್ತಿರಬಹುದು.

ಅಡಗಿಸುವ ಆ ಕೆಲಸವನ್ನು ನಾನು ನನ್ನ ಪಾಲಿಗೆ ತೆಗೆದುಕೊಂಡೆ. ಸದ್ದಾಗದ ಹಾಗೆ ಡಬ್ಬಿಯೊಳಗೆ ಹತ್ತಿ ತುರುಕುವವನು ನಾನು. ಅಮ್ಮನಿಗೆ ‘ಅವಳಿಗೆ ಥೈರಾಯ್ಡ್’ ಅಂತ ಸುಳ್ಳು ಹೇಳಿದವನೂ ನಾನೇ. ಊರಿಗೆ ಹೋಗುವಾಗ ಅವಳ ಚಿಕಿತ್ಸೆಯ ದಾಖಲೆಯ ಹಸಿರು ಪುಸ್ತಕ ನನ್ನ ಬ್ಯಾಗಿನಲ್ಲಿ. ಗುಳಿಗೆ ಮುಗಿದರೆ ಅದನ್ನು ತೋರಿಸಿ ಬೇರೆ ಊರಿನ ಎಆರ್‌ಟಿ ಕೇಂದ್ರದಲ್ಲೂ ಪಡೆಯಬಹುದು, ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಆಮೇಲೆ ಡಾಕ್ಟರು ಡೊಲುಟೆಗ್ರಾವಿರ್ ಇರುವ ಗುಳಿಗೆಗೆ ಬದಲಾಯಿಸಿದರು. ಈಗ ಹೆಚ್ಚಿನವರಿಗೆ ಅದೇ. ದಿನಕ್ಕೊಂದು, ರಾತ್ರಿಯೇ ಆಗಬೇಕೆಂದಿಲ್ಲ. ಬೆಳಿಗ್ಗೆ ತಿಂಡಿಯ ಜೊತೆ ನುಂಗುತ್ತಾಳೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಅಥವಾ ಗ್ಯಾಸಿನ ಔಷಧಿ ಇದ್ದರೆ ಎಷ್ಟು ಅಂತರ ಬಿಡಬೇಕು ಅಂತ ಅಲ್ಲೇ ಕೇಳಿಕೊಳ್ಳಿ.

ಆಸ್ಪತ್ರೆಗೆ ಹೋಗಬೇಕಾ ಅಂದರೆ, ಅವಳು ಬಾ ಅಂದರೆ ಹೋಗಿ, ಗೇಟಿನಲ್ಲಿ ನಿಲ್ಲಬೇಡಿ. ಬೇಡ ಅಂದರೆ ಬೇಡ. ಅದಕ್ಕೂ ಮೊದಲು ನಿಮ್ಮ ಪರೀಕ್ಷೆ ಮಾಡಿಸಿ. ಸರಕಾರಿ ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ, ಸಲಹೆಯ ಕೇಂದ್ರ) ಪುಕ್ಕಟೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ಮಾಹಿತಿ ಕೊಡುತ್ತಾರೆ, ದುಡ್ಡು ಬೀಳುವುದಿಲ್ಲ.

ನೀವು ಕೇಳದೆ ಬಿಟ್ಟಿದ್ದನ್ನೂ ಹೇಳಿಬಿಡುತ್ತೇನೆ. ದಿನಾ ಗುಳಿಗೆ ತಗೊಂಡು ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಕೂಡುವುದರಿಂದ ನಿಮಗೆ ಹರಡುವುದಿಲ್ಲ. ಯುರೋಪಿನಲ್ಲಿ ಇಂಥ 888 ಜೋಡಿಗಳನ್ನು ನೋಡಿದ ‘ಪಾರ್ಟ್‌ನರ್’ ಅಧ್ಯಯನ 2016ರಲ್ಲಿ ಬಂತು. ಕಾಂಡೋಮ್ ಇಲ್ಲದೆ ಸುಮಾರು 58,000 ಸಲ, ಸಂಗಾತಿಯಿಂದ ಹರಡಿದ್ದು ಒಂದೂ ಇಲ್ಲ. ಈಗ ಗುಳಿಗೆ ತಪ್ಪುತ್ತಿರುವುದರಿಂದ, ವೈರಸ್ ಮತ್ತೆ ಕಾಣದ ಮಟ್ಟಕ್ಕೆ ಇಳಿದು ನಿಂತಿದೆ ಅಂತ ರಿಪೋರ್ಟ್ ಬರುವವರೆಗೆ ಕಾಂಡೋಮ್ ಬಿಡಬೇಡಿ. ನಿಮ್ಮನ್ನು ಕಾಪಾಡುವುದಕ್ಕೆ ಗುಳಿಗೆ ತಗೋ ಅಂತ ಮಾತ್ರ ಅವಳಿಗೆ ಹೇಳಬೇಡಿ. ನಾನು ಒಮ್ಮೆ ಹೇಳಿದ್ದೆ, ವಾರಗಟ್ಟಲೆ ಮಾತು ಬಿಟ್ಟಿದ್ದಳು.

ಇದನ್ನು ಓದುವ ಹೆಣ್ಣುಮಕ್ಕಳಿಗೂ ಒಂದು ಮಾತು. ಎಲ್ಲ ಗಂಡಸರನ್ನೂ ಒಳಗೆ ಕರೆಯಬೇಕಾಗಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಅನ್ನುವ ಭಯಕ್ಕೆ ಕಾರಣವಿದ್ದರೆ, ಆಸ್ಪತ್ರೆಯವರು ಸಂಗಾತಿಗೆ ತಿಳಿಸುವಂತಿಲ್ಲ. ಆ ಭಯವನ್ನು ಕೌನ್ಸೆಲರ್ ಹತ್ತಿರ ಬಾಯಿಬಿಟ್ಟು ಹೇಳಿ.

ಮತ್ತೆ ನೀವು, ಮೊದಲೇ ಹೇಳಬೇಕಿತ್ತು: ಪ್ರಶ್ನೆಯಲ್ಲಿ ಅವಳ ಊರು, ಓದಿದ ಕಾಲೇಜು, ಈಗಿನ ಕೆಲಸ ಎಲ್ಲ ಬರೆದಿದ್ದೀರಿ. ಆ ಕಾಲೇಜಿನಲ್ಲಿ ಕಲಿತವರಿಗೆ ಯಾರೆಂದು ಹೊಳೆಯಲು ಎರಡು ನಿಮಿಷ ಸಾಕು. ಈಗಲೇ ಅಳಿಸಿ.